ಯುಗಾದಿ ಪುಟದ ನೀಲಿ ಪಂಚೆ

ಅಚ್ಚಿನ ಮೆಶಿನ್ನಿನಿಂದ ಹೊರಬಿದ್ದ ಹಾಳೆಯನ್ನು ಧಾರಿಣಿ ಎರಡೆರಡು ಸಲ ತಿರುಗಿಸಿ ನೋಡಿದಳು. ಚಿತ್ರದಲ್ಲಿ ಅವಳ ಗಂಡನ ಪಂಚೆ ನೀಲಿಯಾಗಿತ್ತು. ಎಲ್ಲೋ ಒಂದು ಚೂರು ನೀಲಿ ಛಾಯೆ ಅಂತಲ್ಲ. ಬಕೆಟ್ಟಿಗೆ ನೀಲಿ ಸುರಿದು, ಪಂಚೆ ನೆನೆಹಾಕಿ, ಮರೆತು ಮಲಗಿದವರು ಬೆಳಿಗ್ಗೆ ಎತ್ತಿ ನೋಡಿದ ಹಾಗಿತ್ತು. ಹೆಗಲ ಮೇಲಿನ ಶಲ್ಯಕ್ಕೂ ಅದೇ ಗತಿ. ಪಕ್ಕದಲ್ಲಿ ಹಸಿರು ಸೀರೆಯುಟ್ಟು ಬೇವುಬೆಲ್ಲದ ಬಟ್ಟಲು ಹಿಡಿದು ನಿಂತವಳು ಧಾರಿಣಿಯೇ. ಅವಳ ಮುಖವಂತೂ ಚಳಿಗೆ ಮರಗಟ್ಟಿದವರ ಮುಖದ ಹಾಗೆ ಕಂದಿತ್ತು.

“ದಿಲೀಪ್‌ಜೀ, ಯೇ ಕ್ಯಾ ಹೈ?” ಎಂದಳು.

“ನಿಮ್ಮ ಯಜಮಾನರು, ಮೇಡಮ್‌ಜೀ,” ಎಂದ ಮೆಶಿನ್ನಿನ ಮೇಲ್ವಿಚಾರಕ ದಿಲೀಪ, ಕೈಗಂಟಿದ ಇಂಕು ಒರೆಸಿಕೊಳ್ಳುತ್ತ. “ನೀವು ಕಳಿಸಿದ ಹಾಗೇ ಬಂದಿದ್ದಾರೆ.”

ನೋಯ್ಡಾದ ಆ ಪ್ರೆಸ್ಸಿನಲ್ಲಿ ಬಣ್ಣದ ವಿಷಯಕ್ಕೆ ಧಾರಿಣಿಯದೇ ಕೊನೆಯ ಮಾತು. ಬಿಸ್ಕತ್ತಿನ ಡಬ್ಬಿ, ಚಹಾ ಪೊಟ್ಟಣ, ಊದುಬತ್ತಿ ಪ್ಯಾಕೆಟ್ಟು, ಏನೇ ಅಚ್ಚಾಗಲಿ, ಕಂಪ್ಯೂಟರಿನ ಪರದೆಯ ಮೇಲೆ ಗಿರಾಕಿ ನೋಡಿ ತಲೆದೂಗಿದ ಬಣ್ಣವೇ ಕಾಗದದ ಮೇಲೂ ಬರಬೇಕು. ಬರುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಹೇಳುವುದು ಸುಲಭ, ನೀವೇ ಒಂದು ಸಲ ಮಾಡಿ ನೋಡಿ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಪರದೆಯ ಬಣ್ಣ ದೀಪದ್ದು, ಕಾಗದದ್ದು ಇಂಕಿನದು. ಇವೆರಡೂ ಒಂದೇ ಅನ್ನಿಸುವಂತೆ ಮಾಡುವುದೆಂದರೆ ಮಾತು ಬಿಟ್ಟ ಓರಗಿತ್ತಿಯರನ್ನು ಒಂದೇ ಅಡುಗೆಮನೆಯಲ್ಲಿ ನಗಿಸಿದ ಹಾಗೆ. ಧಾರಿಣಿ ಅದನ್ನು ದಿನಾ ಮಾಡುತ್ತಿದ್ದಳು. ಅವಳು ಪಾಸು ಮಾಡಿದ ಹಾಳೆ ವಾಪಸು ಬಂದದ್ದಿಲ್ಲ ಎಂಬ ಹೆಸರು ಅವಳಿಗಿತ್ತು. ಹೆಸರಿನ ಜೊತೆ ಒಂದಿಷ್ಟು ಜಂಬವೂ ಇತ್ತು, ಯಾರಿಗಿರುವುದಿಲ್ಲ ಬಿಡಿ.

“ನನ್ನ ಮಾನಿಟರಿನಲ್ಲಿ ಪಂಚೆ ಬಿಳಿಯಾಗೇ ಇದೆ. ನಿಮ್ಮ ಮೆಶಿನ್ನು ನೀಲಿ ಜಾಸ್ತಿ ಕುಡೀತಿದೆ.”

“ಇದೇ ಮೆಶಿನ್ನಿನಲ್ಲಿ ಈಗ ತಾನೇ ಹಾಲಿನ ಪುಡಿ ಡಬ್ಬಿ ಹೊಡೆದೆ, ಮೇಡಮ್‌ಜೀ. ಹಾಲು ಬಿಳಿಯಾಗೇ ಬಂತು.”

ಈ ಹಾಳೆ ಯಾವ ಕಂಪನಿಯದೂ ಅಲ್ಲ. ದ್ವಾರಕಾದ ಕನ್ನಡಿಗರ ಕೂಟ ಹೊರಡಿಸುವ ಕ್ಯಾಲೆಂಡರಿನ ಯುಗಾದಿ ಪುಟ. ದೆಹಲಿಯಲ್ಲಿ ಸಿಗುವ ಗೋಡೆ ಕ್ಯಾಲೆಂಡರು ನಮ್ಮವರಿಗೆ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿಯವರ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದು ಅಮಾವಾಸ್ಯೆಗೆ. ಒಂದೇ ಶಿವರಾತ್ರಿ ನಮಗೆ ಮಾಘದಲ್ಲಿ, ಇವರಿಗೆ ಫಾಲ್ಗುಣದಲ್ಲಿ. ಅದಕ್ಕೇ ಕೂಟದವರು ವರ್ಷವರ್ಷವೂ ತಮ್ಮದೇ ಕ್ಯಾಲೆಂಡರು ಅಚ್ಚುಹಾಕಿಸಿ, ಹೊಸವರ್ಷದ ಹೊತ್ತಿಗೆ ಮನೆಮನೆಗೆ ಹಂಚಿ, ಊರಿನ ನೆಂಟರಿಗೂ ಕಳಿಸುತ್ತಾರೆ. ಈ ಸಲ ತಿಂಗಳಿಗೊಂದು ಜೋಡಿಯ ಚಿತ್ರ ಹಾಕೋಣ ಎಂದವರು ಕೂಟದ ಕಾರ್ಯದರ್ಶಿ ರತ್ನಪ್ರಭಾ. ಯುಗಾದಿಯ ಪುಟ ಧಾರಿಣಿ ಮತ್ತು ರಘುನಂದನ್ ದಂಪತಿಯ ಪಾಲಿಗೆ ಬಂತು.

ಬೇರೆ ಹನ್ನೊಂದು ಪುಟ ಹೇಗೇ ಬರಲಿ, ಈ ಪುಟ ಚೆನ್ನಾಗಿ ಬರಲೇಬೇಕು ಎಂದು ಧಾರಿಣಿ ಹಠಕ್ಕೆ ಬಿದ್ದಿದ್ದಳು. ಕಾರಣ ಅತ್ತೆ ಇಂದಿರಮ್ಮ. ಮೈಸೂರಿನಲ್ಲಿ ಮಗಳ ಸಂಸಾರದ ಜೊತೆ ಹಾಯಾಗಿದ್ದ ಆಕೆಯದು ದಸರಾ ಕಳೆದಾಗಿನಿಂದ ಫೋನಿನಲ್ಲಿ ಒಂದೇ ರಾಗ. “ರಘು ಯಾಕೋ ಇಳಿದುಹೋಗಿದ್ದಾನಲ್ಲೇ. ಹೊಟ್ಟೆಗೆ ಏನು ಹಾಕ್ತೀಯೋ ಏನೋ, ದನಿಯಲ್ಲೇ ಕಸುವಿಲ್ಲ.”

ಮಾತು ಸುಳ್ಳಲ್ಲ. ರಘುನಂದನ್ ಇಳಿದಿದ್ದ. ಬೆಲ್ಟಿಗೆ ಹೊಸ ತೂತು ಹೊಡೆಸಿದ್ದ. ಅನ್ನದ ತಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದ, ಕೂತಲ್ಲಿ ನಿಂತಲ್ಲಿ ಮೈ ಕೆರೆದುಕೊಳ್ಳುತ್ತಿದ್ದ. ಕಾರಣಗಳಿಗೇನು ಬರವೇ? ಗುರುಗ್ರಾಮದ ಆಫೀಸಿನಲ್ಲಿ ವರ್ಷಾಂತ್ಯದ ಒತ್ತಡ, ದೆಹಲಿಯ ಒಣಚಳಿ, ಮೂಗಿನೊಳಗೆ ಕೂರುವ ಹೊಗೆ. ಧಾರಿಣಿ ಮೈಗೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆ ತಂದಿಟ್ಟಳು. ಡಾಕ್ಟರಿಗೆ ತೋರಿಸಿಕೊಳ್ಳಿ ಎಂದು ತಲೆ ತಿಂದಳು. “ಜನವರಿ ಬರಲಿ ಕಣೇ” ಎಂದ. ಒಳಗೊಳಗೆ ಅವಳಿಗೆ ದಿಗಿಲಿತ್ತು, ಈ ಮನುಷ್ಯನಿಗೆ ಏನೋ ಆಗಿದೆ ಎಂಬ ದಿಗಿಲು. ಚಿತ್ರದಲ್ಲಾದರೂ ಗಂಡ ಗಟ್ಟಿಮುಟ್ಟಾಗಿ ಕಂಡರೆ ಅತ್ತೆಗೆ ಸಮಾಧಾನವಾದೀತು, ತನಗೂ ಆದೀತು ಎಂದುಕೊಂಡಿದ್ದಳು.

ಕೂಟದ ಸಭಾಂಗಣದಲ್ಲಿ ತೆಗೆದ ಆ ಚಿತ್ರ ಮೊದಲ ಸಲ ಪರದೆಯ ಮೇಲೆ ತೆರೆದಾಗ ಅವಳು ಹಣೆ ಚಚ್ಚಿಕೊಂಡಿದ್ದಳು. ಗಂಡನ ಮುಖ ಅರಿಶಿನ ಸವರಿದಂತಿತ್ತು. ಹಿಂದೆ ಚೆಂಡುಹೂವಿನ ತೋರಣ, ತಲೆಯ ಮೇಲೆ ಹಳದಿ ಬಲ್ಬುಗಳ ಸರ, ಎದುರಿನಿಂದ ಫ್ಲ್ಯಾಶು. ಬೆಳಕು ಕಲಬೆರಕೆಯಾದರೆ ಮುಖ ಹೀಗೇ ಕೆಡುವುದು. ಅವಳು ಅಂಥವನ್ನು ಎಷ್ಟೋ ಕಂಡಿದ್ದಳು, ಮದ್ದೂ ಗೊತ್ತಿತ್ತು. ಮುಖದ ಬಣ್ಣ ಒಬ್ಬೊಬ್ಬರದು ಒಂದೊಂದು, ಅದನ್ನು ನಂಬಿ ಕೂರುವಂತಿಲ್ಲ. ಕಣ್ಣಿನ ಬಿಳಿ ಮಾತ್ರ ಎಲ್ಲರದೂ ಬಿಳಿಯೇ. ಅಲ್ಲಿ ಒಂದು ಕಡೆ ಒತ್ತಿ ‘ಇದು ಬಿಳಿ’ ಎಂದು ಕಂಪ್ಯೂಟರಿಗೆ ಹೇಳಿದರೆ ಸಾಕು, ಉಳಿದ ಬಣ್ಣಗಳೆಲ್ಲ ಅದಕ್ಕೆ ತಕ್ಕಂತೆ ಸರಿದು ಕೂರುತ್ತವೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಅವಳು ಮೊದಲು ಹೇಳಿಕೊಡುತ್ತಿದ್ದ ಪಾಠವೇ ಇದು.

ಗಂಡನ ಕಣ್ಣಿನ ಬಿಳಿಯ ಮೇಲೆ ಒತ್ತಿದಳು. ಹಳದಿ ಮಾಯವಾಯಿತು. ಕಣ್ಣು ಹೊಳೆಯಿತು, ಕೆನ್ನೆಗೆ ರಕ್ತ ಬಂತು. ಮದುವೆಯಾದ ಹೊಸತರ ರಘುನಂದನ್ ಎದುರು ಬಂದು ನಿಂತ ಹಾಗಾಗಿ, ಅವಳು ಆ ಮುಖವನ್ನೇ ನೋಡುತ್ತ ಕೂತಳು. ಪಂಚೆಯ ಕಡೆ ಕಣ್ಣು ಹಾಯಿಸಿದ್ದು ನೆಪಕ್ಕೆ. ಪರದೆಯ ಮೇಲೆ ಬಿಳಿಗೆ ಚೂರು ನೀಲಿ ಬೆರೆತರೆ ಅದು ನೀಲಿಯಾಗಿ ಕಾಣದು, ಶುಭ್ರವಾಗಿ ಕಾಣುತ್ತದೆ. ಒಗೆದ ಬಟ್ಟೆಗೆ ನಾವು ನೀಲಿ ಹಾಕುವುದೂ ಅದಕ್ಕೇ. ಕಾಗದದ ಮೇಲೆ ಆ ಮೋಸ ನಡೆಯಲಿಲ್ಲ, ಅಷ್ಟೆ.

“ಚಲೋ, ನೀವು ಕೈ ಆಡಿಸುವ ಮೊದಲಿನ ಚಿತ್ರ ಕೊಡಿ, ಅದನ್ನೂ ಹೊಡೆದು ನೋಡೋಣ,” ಎಂದ ದಿಲೀಪ.

ಕೊಟ್ಟಳು. ಆ ಹಾಳೆಯೂ ಬಂತು. ಪಂಚೆ ಈಗ ಮಲ್ಲಿಗೆಯಂಥ ಬಿಳಿ. ಸೀರೆ ಹಸಿರಿಗೆ ಹಸಿರು. ಧಾರಿಣಿಯ ಮುಖ ಧಾರಿಣಿಯದೇ. ರಘುನಂದನನ ಮುಖ ಮಾತ್ರ ಅರಿಶಿನ.

“ಪಂಚೆ ಸರಿ ಬಂದರೆ ಮುಖ ಕೆಡುತ್ತೆ, ಮುಖ ಸರಿ ಬಂದರೆ ಪಂಚೆ ಕೆಡುತ್ತೆ,” ಎಂದು ದಿಲೀಪ ತಲೆ ಕೆರೆದುಕೊಂಡ. “ಕಾಗದದ್ದೇ ತಪ್ಪು. ಈ ಲಾಟು ಹಳದಿ ಎಳೆಯುತ್ತೆ.”

“ಕಾಗದದ ತಪ್ಪಾದರೆ ಪಂಚೆಯೂ ಹಳದಿಯಾಗಬೇಕಿತ್ತಲ್ಲ?”

“ಹಾಗಾದರೆ ಫೋಟೋ ತೆಗೆದವನ ತಪ್ಪು.”

“ಬಲ್ಬಿನ ಸರ ಇವರ ತಲೆ ಮೇಲೇ ಇತ್ತು, ಅದಕ್ಕೇ,” ಎಂದಳು ಧಾರಿಣಿ. ಹೇಳುವಾಗ ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಎಷ್ಟು ಓದಿ, ಎಷ್ಟು ಪಳಗಿ, ಎಷ್ಟು ಹೆಸರು ಮಾಡಿದ ಹೆಂಗಸು ನೋಡಿ. ಹಳದಿ ಕಂಡರೆ ತೆಗೆಯುವುದು ಅವಳ ಕಸುಬು. ಯಾಕೆ ಬಂತು ಎಂದು ಕೇಳುವುದು ಆ ಕಸುಬಿನಲ್ಲಿರಲಿಲ್ಲ.

ಅಷ್ಟರಲ್ಲಿ ರತ್ನಪ್ರಭಾ ಫೋನು ಮಾಡಿದರು. “ಧಾರಿಣಿ, ಎಲ್ಲಾ ಪುಟ ಮುಗಿದು ನಿಮ್ಮದೊಂದೇ ಬಾಕಿಯಂತೆ. ಗಂಡ ಚೆನ್ನಾಗಿ ಕಾಣಲಿ ಅಂತ ಎಷ್ಟು ತಿದ್ದುತ್ತೀಯಮ್ಮಾ, ಇದ್ದ ಹಾಗೇ ಹಾಕು. ನಾವೇನು ಅವರಿಗೆ ಹೆಣ್ಣು ನೋಡ್ತಿದ್ದೀವಾ?”

“ಶನಿವಾರಕ್ಕೆ ಮುಗಿಸ್ತೀನಿ ಅಕ್ಕ,” ಎಂದಳು.

ಪ್ರೆಸ್ಸಿನಲ್ಲಿ ಅವಳೇ ಮಾಡಿದ ಕಾನೂನೊಂದಿತ್ತು. ಪರದೆ ಒಂದು ಹೇಳಿ ಕಾಗದ ಇನ್ನೊಂದು ಹೇಳಿದರೆ ಎರಡನ್ನೂ ನಂಬಬೇಡಿ, ಅಸಲು ತರಿಸಿ. ಬಿಸ್ಕತ್ತಿನ ಡಬ್ಬಿಯಾದರೆ ಬಿಸ್ಕತ್ತು, ಚಹಾ ಪೊಟ್ಟಣವಾದರೆ ಚಹಾ. ಮೂಲೆಯಲ್ಲಿ ಲೈಟ್ ಬೂತ್ ಎಂದು ಕರೆಯುವ ಕಪಾಟಿನಂಥದೊಂದಿತ್ತು. ಒಳಗೆಲ್ಲ ಬೂದು ಬಣ್ಣ ಬಳಿದು, ಮೇಲೆ ನಡುಹಗಲಿನ ಬೆಳಕಿನಂಥ ದೀಪ ಕೂರಿಸಿದ್ದರು. ಅದರಲ್ಲಿ ಅಸಲನ್ನೂ ಹಾಳೆಯನ್ನೂ ಪಕ್ಕಪಕ್ಕ ಇಟ್ಟರೆ ಯಾರದು ನಿಜ, ಯಾರದು ಸುಳ್ಳು ತಾನಾಗಿ ಹೊರಬೀಳುತ್ತಿತ್ತು. ಒಮ್ಮೆ ಉಪ್ಪಿನಕಾಯಿಯವರು ಭರಣಿಯನ್ನೇ ತಂದಿಟ್ಟು, ಬೂತೆಲ್ಲ ಸಾಸಿವೆ ಎಣ್ಣೆಯ ನಾತ ಹೊಡೆದು, ಆಮೇಲೆ ಬಂದ ಮಕ್ಕಳ ಸೋಪಿನವರು ಮೂಗು ಮುಚ್ಚಿಕೊಂಡಿದ್ದರು.

ಮರುದಿನ ಧಾರಿಣಿ ಪಂಚೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಬೂತಿನಲ್ಲಿ ಹರಡಿ ಎರಡೂ ಹಾಳೆ ಹಿಡಿದು ನೋಡಿದಳು. ತಿದ್ದದ ಹಾಳೆಯೇ ಸರಿ, ಪಂಚೆಯ ಮಟ್ಟಿಗೆ ಅನುಮಾನವೇ ಇಲ್ಲ.

“ಪಂಚೆಯ ಅಸಲಿ ಮಾಲು ಬಂತು,” ಎಂದ ದಿಲೀಪ. “ಮುಖದ ಅಸಲಿ ಮಾಲು ಯಾವಾಗ ಬರುತ್ತೆ, ಮೇಡಮ್‌ಜೀ?”

ಅಲ್ಲಿದ್ದವರೆಲ್ಲ ನಕ್ಕರು. ಧಾರಿಣಿಯೂ ನಕ್ಕಳು. ನಗುತ್ತಲೇ ಹೊರಗೆ ಹೋಗಿ ಗಂಡನಿಗೆ ಫೋನು ಮಾಡಿ, “ರೀ, ಶನಿವಾರ ನಿಮಗೆ ರಜಾ ತಾನೇ, ಒಂದು ಸಲ ಪ್ರೆಸ್ಸಿಗೆ ಬಂದುಹೋಗಿ” ಎಂದಳು.

ದಿನಬೆಳಗಾದರೆ ಮನೆಯಲ್ಲಿ ನೋಡುವ ಮುಖಕ್ಕೆ ಬೂತು ಯಾಕೆ ಎಂದು ಯಾರಾದರೂ ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ದೆಹಲಿಯ ಚಳಿಗಾಲದಲ್ಲಿ ದಿನ ಬೆಳಗಾಗುವುದೇ ಅನುಮಾನ. ಧಾರಿಣಿ ದ್ವಾರಕಾದಿಂದ ನೋಯ್ಡಾದ ಮೆಟ್ರೋ ಹಿಡಿಯಲು ಮನೆ ಬಿಡುವಾಗ ಹೊರಗೆ ಮಂಜು, ರಘುನಂದನ್ ಹೊದಿಕೆಯೊಳಗೆ. ಇಬ್ಬರೂ ವಾಪಸಾಗುವಾಗ ಕತ್ತಲು. ಭಾನುವಾರ ಕಿಟಕಿ ತೆರೆದರೆ ಹೊಗೆ ನುಗ್ಗುತ್ತದೆಂದು ಪರದೆ ಎಳೆದು, ಗಾಳಿ ಸೋಸುವ ಮೆಶಿನ್ನು ಹಾಕಿ, ಹಗಲಲ್ಲೂ ದೀಪದಲ್ಲೇ ಇರಬೇಕು. ಆ ದೀಪಗಳೋ, ಧಾರಿಣಿಯೇ ಆರಿಸಿ ತಂದವು. ಇಡೀ ದಿನ ಬೂತಿನ ಬಿಳಿ ಬೆಳಕಿಗೆ ಕಣ್ಣು ಸೋತು ಬರುತ್ತಿದ್ದವಳಿಗೆ ಮನೆಯಲ್ಲಿ ಬೆಣ್ಣೆಯಂಥ ಹಳದಿ ಬೆಳಕು ಬೇಕಾಗಿತ್ತು. ಹಜಾರಕ್ಕೆ, ಅಡುಗೆಮನೆಗೆ, ಬಚ್ಚಲಿಗೆ, ಎಲ್ಲ ಕಡೆಗೂ ಅದೇ. ಆ ಬೆಳಕಿನಲ್ಲಿ ಯಾರನ್ನು ನಿಲ್ಲಿಸಿದರೂ ಲಕ್ಷಣವಾಗಿ ಕಾಣುತ್ತಿದ್ದರು. ಹಳದಿಯಲ್ಲಿ ಹಳದಿ ಎಲ್ಲಿ ಕಾಣಬೇಕು?

ಶನಿವಾರ ರಘುನಂದನ್ ಬಂದ. ಟೋಪಿ, ಮಫ್ಲರು, ಮೂಗಿಗೆ ಮಾಸ್ಕು ಬೇರೆ. ಮೆಟ್ಟಿಲು ಹತ್ತಿ ಬಂದವನು ಕಂಬ ಹಿಡಿದು ನಿಂತು ಉಸಿರು ತಿರುಗಿಸಿಕೊಂಡ.

“ಆಯಿಯೇ, ಅಸಲಿ ಮಾಲ್,” ಎಂದು ದಿಲೀಪ ಸ್ಟೂಲು ಎಳೆದು ಬೂತಿನ ಮುಂದೆ ಹಾಕಿದ.

“ಏನೇ ಇದು, ನನ್ನನ್ನೂ ಪಾಸು ಮಾಡ್ತೀಯಾ, ಇಲ್ಲಾ ರಿಜೆಕ್ಟಾ?” ಎಂದು ರಘುನಂದನ್ ನಗುತ್ತ ಟೋಪಿ, ಮಾಸ್ಕು ತೆಗೆದು, ಮಫ್ಲರು ಬಿಚ್ಚಿ, ಕ್ಷೌರಕ್ಕೆ ಕೂತವನ ಹಾಗೆ ತಲೆಯನ್ನು ಬೂತಿನೊಳಕ್ಕೆ ಚಾಚಿ ಕೂತ.

“ಅಲ್ಲಾಡಬೇಡಿ,” ಎಂದು ಧಾರಿಣಿ ಬೂತಿನ ದೀಪ ಹಾಕಿದಳು. ಮೊದಲು ತಾನು ತಿದ್ದಿದ ಹಾಳೆಯನ್ನು ಅವನ ಕೆನ್ನೆಯ ಪಕ್ಕ ಹಿಡಿದಳು. ಹೊಂದಲಿಲ್ಲ, ಹತ್ತಿರವೂ ಬರಲಿಲ್ಲ. ಕೆಳಗಿಟ್ಟಳು. ತಿದ್ದದ ಹಾಳೆಯನ್ನು ಎತ್ತಿ ಹಿಡಿದಳು.

ಹೊಂದಿತು. ಎಷ್ಟು ಹೊಂದಿತೆಂದರೆ ಹಾಳೆ ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಯಿತೆಂಬ ಗೆರೆಯೇ ಅಳಿಸಿದ ಹಾಗೆ ಹೊಂದಿತು. ಅವಳ ಎದೆಯಲ್ಲಿ ದಿನಾ ಆಗುವ ಸಣ್ಣ ಸಂತೋಷ ಆಗಿಯೇ ಬಿಟ್ಟಿತು. ಬಣ್ಣ ಕೂತಾಗ ಆಗುವ ಸಂತೋಷ. “ಮಿಲ್ ಗಯಾ,” ಎಂದ ಹಿಂದೆ ನಿಂತ ದಿಲೀಪ. ಅವನಿಗೂ ಖುಷಿ. “ನೋಡಿದಿರಾ, ನನ್ನ ಮೆಶಿನ್ನು ಸುಳ್ಳು ಹೇಳಲ್ಲ.”

“ಹೌದು, ಮ್ಯಾಚ್,” ಎಂದುಬಿಟ್ಟಳು ಧಾರಿಣಿ.

ಹೇಳಿದ ಮಾತು ಕಿವಿಗೆ ಬಿದ್ದ ಮೇಲೆ ಅವಳಿಗೆ ಅದರ ಅರ್ಥ ಹೊಳೆಯಿತು. ಕೈಯಲ್ಲಿದ್ದ ಹಾಳೆ ಇಳಿಯಿತು. ಹಾಳೆ ಇಳಿದರೂ ಹಳದಿ ಇಳಿಯಲಿಲ್ಲ. ಅದು ಮುಖದಲ್ಲೇ ಇತ್ತು.

“ಮೇಲೆ ನೋಡಿ,” ಎಂದಳು.

ರಘುನಂದನ್ ಕಣ್ಣು ಮೇಲೆತ್ತಿದ. ಕಣ್ಣಿನ ಬಿಳಿ ಇರಬೇಕಾದ ಕಡೆ ಹಣ್ಣಾದ ನಿಂಬೆಯ ಬಣ್ಣವಿತ್ತು. ಬೂತಿನಲ್ಲೇ ಬಿದ್ದಿದ್ದ ಪಂಚೆಯ ಚುಂಗನ್ನು ಎತ್ತಿ ಅವನ ಕಣ್ಣಿನ ಪಕ್ಕ ಹಿಡಿದಳು. ಬಿಳಿ ಅಂದರೆ ಇದು, ಇದು ಬಿಳಿ. ಪಂಚೆ ಬಿಟ್ಟು ಅವನ ಅಂಗೈ ಎಳೆದು ಬೆಳಕಿಗೆ ಹಿಡಿದು, ತನ್ನ ಅಂಗೈಯನ್ನು ಪಕ್ಕದಲ್ಲಿಟ್ಟಳು. ಅವನದು ಅರಿಶಿನ ಕಲಸಿ ತೊಳೆದುಕೊಂಡ ಕೈ. ಉಗುರಿನ ಬುಡವೂ ಹಳದಿ.

“ಆಯ್ತಾ?” ಎಂದ ರಘುನಂದನ್, ಬೆಳಕಿಗೆ ಕಣ್ಣು ಕಿರಿದು ಮಾಡಿ. “ಪಾಸಾ?”

ಯಾರೂ ನಗಲಿಲ್ಲ. ದಿಲೀಪನ ಮುಖದ ಖುಷಿ ಎಲ್ಲಿ ಹೋಯಿತೋ. ಅವನು ಮೆಲ್ಲಗೆ ಕೈ ಚಾಚಿ ಮೆಶಿನ್ನು ನಿಲ್ಲಿಸಿದ.

“ಏಳಿ,” ಎಂದಳು ಧಾರಿಣಿ. “ಆಸ್ಪತ್ರೆಗೆ ಹೋಗಬೇಕು. ಈಗಲೇ.”

ಹತ್ತಿರದ ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನು ಮಾಡಿದರು. ಧಾರಿಣಿಗಿಂತ ಚಿಕ್ಕ ವಯಸ್ಸಿನ ಡಾಕ್ಟರು, ಸಿಟ್ಟಿನ ಮುಖದವಳು, ರಘುನಂದನನನ್ನು ಒಳಗೆ ಮಲಗಿಸಿ, ಧಾರಿಣಿಯನ್ನು ಮಾತ್ರ ಎದುರು ಕೂರಿಸಿಕೊಂಡಳು. ಪಿತ್ತ ಕರುಳಿಗೆ ಇಳಿಯುವ ಕೊಳವೆಯ ಬಾಯಲ್ಲಿ ಒಂದು ಗಡ್ಡೆ ಬೆಳೆದಿದೆ ಎಂದಳು. ಪಿತ್ತ ಹೋಗಲು ದಾರಿಯಿಲ್ಲದೆ ಮೈಯೆಲ್ಲ ಸೇರುತ್ತಿದೆ, ಕೆರೆತ ಅದರದೇ, ಊಟ ಸೇರದ್ದೂ ಅದಕ್ಕೇ. ಮೊದಲು ದಾರಿ ಬಿಡಿಸಬೇಕು, ಆಮೇಲೆ ಆಪರೇಷನ್ನು. ಗಡ್ಡೆ ಎಂಥದು, ಎಲ್ಲಿಯವರೆಗೆ ಹಬ್ಬಿದೆ ಎಂದು ಇನ್ನೂ ಹೇಳುವಂತಿಲ್ಲ.

“ನೋವು ಇರಲಿಲ್ಲವಲ್ಲ, ಡಾಕ್ಟರ್,” ಎಂದಳು ಧಾರಿಣಿ. “ಒಂದು ದಿನವೂ ನೋವು ಅಂದವರಲ್ಲ.”

“ಇದರಲ್ಲಿ ನೋವು ಇರೋದಿಲ್ಲ. ಹೊರಗೆ ಎದ್ದು ಕಾಣೋ ಸೂಚನೆ ಹಳದಿ ಒಂದೇ. ಬೇಗ ಹಿಡಿದರೆ ಕತ್ತರಿಸಿ ತೆಗೆದುಬಿಡಬಹುದು.” ಡಾಕ್ಟರು ಪೆನ್ನು ಎತ್ತಿಕೊಂಡಳು. “ಕಬ್ ಸೇ? ಹಳದಿ ಯಾವಾಗಿನಿಂದ?”

ಧಾರಿಣಿ ಫೋನು ತೆಗೆದಳು. ಯಾವ ಚಿತ್ರವನ್ನು ತಿದ್ದಿದರೂ ತಿದ್ದುವ ಮೊದಲಿನದನ್ನೂ ಉಳಿಸಿಕೊಳ್ಳುವುದು ಕಸುಬಿನವರ ಅಭ್ಯಾಸ. ರಾಜ್ಯೋತ್ಸವದ ದಿನ ಕೂಟದಲ್ಲಿ ಬಾವುಟದ ಕೆಳಗೆ ನಿಂತ ಚಿತ್ರ. ಹಳದಿ. ಬಾವುಟದ ಬಣ್ಣ ಮುಖಕ್ಕೆ ಹೊಡೆದಿದೆ ಎಂದುಕೊಂಡು ಒರೆಸಿದ್ದಳು. ದೀಪಾವಳಿಯದು. ಹಳದಿ. ಹಣತೆಗಳ ಬೆಳಕೆಂದು ಒರೆಸಿದ್ದಳು. ಬೊಂಬೆ ಕೂರಿಸಿದ ದಸರಾದ ಚಿತ್ರದಲ್ಲೂ ಕಣ್ಣಿನ ಮೂಲೆಯಲ್ಲಿ ಒಂದು ಎಳೆ ಹಳದಿ ಆಗಲೇ ಕಾಣಿಸಿಕೊಂಡಿತ್ತು. ಅದನ್ನೂ ಬಿಟ್ಟಿರಲಿಲ್ಲ. ಒಂದೊಂದೂ ನೆನಪಾಯಿತು, ಯಾವ ಸಂಜೆ, ಸೋಫಾದ ಯಾವ ಮೂಲೆ, ಅವನು ಪಕ್ಕದಲ್ಲೇ ಕೂತು ಮೈ ಕೆರೆದುಕೊಳ್ಳುತ್ತಿದ್ದದ್ದು. ಹೊಟ್ಟೆಯೊಳಗಿನಿಂದ ಆ ಗಡ್ಡೆ ಕೂಗಿ ಕರೆದಾಗಲೆಲ್ಲ ಅವಳು ಅದರ ಬಾಯಿ ಮುಚ್ಚಿಸಿದ್ದಳು.

“ದಸರಾದಿಂದ,” ಎಂದಳು.

ಡಾಕ್ಟರ ಪೆನ್ನು ನಿಂತಿತು. “ದಸರಾದಿಂದ ನೋಡ್ತಿದ್ದೀರಿ, ಈಗ ಕರೆದುಕೊಂಡು ಬರ್ತಿದ್ದೀರಾ? ಓದಿದವರು ನೀವು.”

“ನೋಡಿದ್ದೆ. ಸರಿ ಮಾಡಿದ್ದೆ,” ಎಂದಳು ಧಾರಿಣಿ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸುವ ತ್ರಾಣ ಧಾರಿಣಿಗೂ ಇರಲಿಲ್ಲ. ಕಾಗದಗಳಿಗೆ ಎಲ್ಲೆಲ್ಲಿ ಸಹಿ ಹಾಕು ಎಂದರೋ ಅಲ್ಲಲ್ಲಿ ಹಾಕಿ ವಾರ್ಡಿಗೆ ಬಂದಳು.

ರಘುನಂದನನ ಕೈಗೆ ಸೂಜಿ ಚುಚ್ಚಿ ಬಾಟಲಿ ನೇತುಹಾಕಿದ್ದರು. ವಾರ್ಡಿನ ದೀಪ ಬೂತಿನಷ್ಟೇ ಬಿಳಿ. ಆ ಬೆಳಕಿನಲ್ಲಿ ದಿಂಬು ಬಿಳಿ, ಹೊದಿಕೆ ಬಿಳಿ, ನಡುವೆ ಅವನೊಬ್ಬ ಹಳದಿ. ಇಷ್ಟು ಢಾಳಾಗಿ ಕಾಣುವುದನ್ನು ತಾನು ಕಾಣಲಿಲ್ಲವಲ್ಲ ಎಂದು ಅವಳಿಗೆ ನಂಬಲಾಗಲಿಲ್ಲ. ಗಡ್ಡೆಯ ವಿಷಯ ಹೇಳಿದಳು. ಮುಚ್ಚಿಡಲು ಹೋಗಲಿಲ್ಲ. ಅವನು ಸ್ವಲ್ಪ ಹೊತ್ತು ಬಾಟಲಿಯಿಂದ ತೊಟ್ಟಿಕ್ಕುವ ಹನಿಗಳನ್ನು ನೋಡುತ್ತ ಮಲಗಿದ.

“ನಿನಗೆ ಒಂದು ಹೇಳಬೇಕು, ಬೈಬೇಡ,” ಎಂದ.

“ಹೇಳಿ.”

“ನನಗೆ ಅನುಮಾನ ಬಂದಿತ್ತು ಕಣೇ. ರಾಜ್ಯೋತ್ಸವ ಆಗಿ ಸ್ವಲ್ಪ ದಿನಕ್ಕೆ. ಆಫೀಸಿನ ಬಾತ್‌ರೂಮಿನ ಕನ್ನಡಿಯಲ್ಲಿ ಕಣ್ಣು ಹಳದಿ ಕಾಣಿಸ್ತು. ಮಾರನೇ ದಿನ ನೋಡಿದರೆ ಮತ್ತೆ ಹಾಗೇ. ಹೆದರಿಕೆಯಾಯ್ತು. ನಿನಗೆ ಹೇಳದೆ ಗುರುಗ್ರಾಮದಲ್ಲೇ ಒಬ್ಬ ಡಾಕ್ಟರ ಅಪಾಯಿಂಟ್‌ಮೆಂಟೂ ತಗೊಂಡೆ.”

“ಹೋಗಲಿಲ್ವಾ?” ಎಂದಳು ಧಾರಿಣಿ.

“ಹೋಗಬೇಕು ಅಂತ ಹೊರಟಿದ್ದೆ. ಕ್ಯಾಬಿಗೆ ಕಾಯ್ತಾ ಫೋನು ನೋಡ್ತಿದ್ದೆ. ಫ್ಯಾಮಿಲಿ ಗ್ರೂಪಿಗೆ ನೀನು ಹಾಕಿದ್ದ ರಾಜ್ಯೋತ್ಸವದ ಫೋಟೋ ಇತ್ತಲ್ಲ, ಅದನ್ನ ದೊಡ್ಡದು ಮಾಡಿ ನೋಡಿದೆ. ಕಣ್ಣು ಬೆಳ್ಳಗಿತ್ತು.” ಅವನು ತುಸು ನಕ್ಕ. “ಬಾತ್‌ರೂಮಿನ ಟ್ಯೂಬ್‌ಲೈಟೇ ಸರಿಯಿಲ್ಲ ಅಂದುಕೊಂಡೆ. ಬಣ್ಣದ ವಿಷಯದಲ್ಲಿ ನಿನ್ನ ಬಿಟ್ಟು ಆ ಕನ್ನಡೀನ ನಂಬಲಾ? ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿ ಮನೆಗೆ ಬಂದೆ. ಅವತ್ತು ಎಷ್ಟು ಹಗುರ ಅನಿಸ್ತು ಗೊತ್ತಾ, ನೀನು ಮಾಡಿದ ಬಿಸಿಬೇಳೆಬಾತು ಎರಡು ಸಲ ಹಾಕಿಸಿಕೊಂಡಿದ್ದೆ.”

ಆ ರಾತ್ರಿ ಅವಳಿಗೆ ಚೆನ್ನಾಗಿ ನೆನಪಿತ್ತು. ಇವರಿಗೆ ಹಸಿವು ವಾಪಸು ಬಂತು ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು. ಅವಳು ಮಂಚದ ಕಂಬಿ ಹಿಡಿದು ಕೂತಳು. ಅಳು ಬರಲಿಲ್ಲ. ತಪ್ಪು ಎಂಬ ಮಾತು ಇದಕ್ಕೆ ಸಾಲದು ಎಂದು ಮಾತ್ರ ಅನ್ನಿಸುತ್ತಿತ್ತು. ಎದುರಿಗಿದ್ದವನೋ, ಅವಳ ಮೇಲೆ ಒಂದು ಚೂರೂ ಸಿಟ್ಟಿಲ್ಲದೆ, ಆ ಹಳದಿ ಕಣ್ಣುಗಳಿಂದ ಅವಳನ್ನು ಸಮಾಧಾನ ಮಾಡುವವನ ಹಾಗೆ ನೋಡುತ್ತಿದ್ದ.

“ಅಮ್ಮ ಬೆಳಿಗ್ಗೆಯಿಂದ ನಾಲ್ಕೈದು ಸಲ ಫೋನ್ ಮಾಡಿದ್ದಾಳೆ, ಎತ್ತಿಲ್ಲ,” ಎಂದ ರಘುನಂದನ್. “ಸುಮ್ಮನೆ ಒಂದು ಫೋಟೋ ತೆಗೆದು ಕಳಿಸು. ಸ್ವಲ್ಪ ಸರಿ ಮಾಡಿ ಕಳಿಸು, ಈಗಲೇ ಹೆದರಿಸೋದು ಬೇಡ.”

ಧಾರಿಣಿ ಫೋನು ಎತ್ತಿ ಚಿತ್ರ ತೆಗೆದಳು. ತಿದ್ದುವ ಪರದೆ ತೆರೆಯಿತು. ಅವಳ ಹೆಬ್ಬೆರಳು, ಯಾರೂ ಹೇಳದೆ, ತಾನಾಗಿ ಅವನ ಕಣ್ಣಿನ ಬಿಳಿಯ ಕಡೆ ಹೊರಟಿತ್ತು. ಹಾವು ಕಂಡವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಆ ಚಿತ್ರವನ್ನು ಮುಚ್ಚಿ, ಇಂದಿರಮ್ಮನಿಗೆ ವಿಡಿಯೋ ಕಾಲ್ ಹಚ್ಚಿ, ಫೋನನ್ನು ನೇರ ಗಂಡನ ಮುಖಕ್ಕೆ ತಿರುಗಿಸಿ ಹಿಡಿದಳು.

“ಬೇಡ ಕಣೇ,” ಎಂದ ರಘುನಂದನ್. ಅಷ್ಟರಲ್ಲಿ ಆ ಕಡೆ ಎತ್ತಿಯಾಗಿತ್ತು.

ಇಂದಿರಮ್ಮ ಕನ್ನಡಕ ಏರಿಸಿಕೊಂಡು ಫೋನಿನ ಹತ್ತಿರಕ್ಕೆ ಬಗ್ಗಿದರು. ಹಿಂದೆ ಯಾವುದೋ ಟಿವಿಯ ಸದ್ದು ಕೇಳುತ್ತಿತ್ತು, ಅದನ್ನು ಯಾರೋ ಆರಿಸಿದರು.

“ಧಾರಿಣಿ, ಫೋನು ಸರಿಯಾಗಿ ಹಿಡಿ,” ಎಂದರು ಆಮೇಲೆ. “ಬಣ್ಣ ಏನೋ ಕೆಟ್ಟಿದೆ.”

“ಫೋನು ಸರಿಯಾಗಿದೆ ಅತ್ತೆ. ಇವರ ಬಣ್ಣವೇ ಅದು. ಆಸ್ಪತ್ರೆಯಲ್ಲಿದ್ದೀವಿ.”

“ಯಾವಾಗಿನಿಂದ ಹೀಗೆ?”

ರಘುನಂದನ್ ಸೂಜಿಯಿಲ್ಲದ ಕೈಯಿಂದ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದ. ಧಾರಿಣಿ ಫೋನನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡಳು.

“ದಸರಾದಿಂದ,” ಎಂದಳು. “ನಿಮಗೆ ಕಳಿಸಿದ ಒಂದೊಂದು ಫೋಟೋದಲ್ಲೂ ನಾನೇ ಒರೆಸಿ ಕಳಿಸ್ತಿದ್ದೆ, ಅತ್ತೆ.”